ಅಶ್ಲೀಲವೂ ಅಪಕಾರವೂ

ಅಂತರಸಂತೆಯ ಸೀಮೆಯನ್ನು ತಣಿಸಿ ಹರಿಯುವ ಕಪಿಲೆಯು ಮುಂದೆ ನಂಜನಗೂಡನ್ನು ಸೇರುವುದಷ್ಟೆ. ಆ ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು ಸಂಗೀತವಿದುಷಿಯೆಂದು ಪ್ರಖ್ಯಾತರು. ಅಶ್ಲೀಲವೆಂದರೇನು, ಅದನ್ನು ತಡೆಯುವ ಅಧಿಕಾರವು ಯಾರದು ಎಂಬುದನ್ನು ವಿಚಾರಮಾಡುವವರಿಗೆ ಆಕೆಯ ಜೀವನದ ಮತ್ತೊಂದು ಪ್ರಸಂಗವು ದಾರಿ ತೋರುವುದು.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯು ತೆಲುಗಿನಲ್ಲಿ 'ರಾಧಿಕಾಸಾಂತ್ವನಮು' ಎಂಬ ಶೃಂಗಾರಕಾವ್ಯವನ್ನು ರಚಿಸಿದಳು. ಮುದ್ರಿತ ಪ್ರತಿಯಲ್ಲಿ ಅನೇಕ ಭಾಗಗಳು ಲೋಪವಾಗಿರುವುದನ್ನು ಕಂಡ ನಾಗರತ್ನಮ್ಮನವರು ಮೂಲವನ್ನು ಹುಡುಕಿ 1910ರಲ್ಲಿ ಪ್ರಕಟಪಡಿಸಿದರು. ವಿಧವಾವಿವಾಹಕ್ಕಾಗಿ ಶ್ರಮಿಸಿದ ಕಂದುಕೂರಿ ವೀರೇಶಲಿಂಗಂ ಪಂತುಲುರವರೇ ಈ ಕಾವ್ಯವು ಹೆಣ್ಣಿನ ಬಾಯಿಂದ ಬರತಕ್ಕುದಲ್ಲವೆಂದು ಆಕ್ಷೇಪಿಸಿದ್ದರು. ನಾಚಿಕೆಯೆಂಬುದು ಸ್ತ್ರೀಯರಿಗೆ ಮಾತ್ರವೋ, ಪುರುಷರಿಗೆ ಬೇಡವೋ ಎಂದು ನಾಗರತ್ನಮ್ಮನವರು ಮರುಪ್ರಶ್ನೆ ಹಾಕಿದರು. ಮದರಾಸು ಸರ್ಕಾರವು 1911ರಲ್ಲಿ ಪುಸ್ತಕವನ್ನು ನಿಷೇಧಿಸಿತು. ನಿಷೇಧವು ತೆಗೆಯಲ್ಪಟ್ಟುದು 1947ರಲ್ಲಿ.

ಇಲ್ಲಿ ಯಾವ ಸ್ತ್ರೀಗೆ ಅಪಕಾರವಾಗಿದ್ದಿತು? ಬರೆದವಳು ಹೆಣ್ಣು, ಬೆಳಕಿಗೆ ತಂದವರು ಹೆಣ್ಣು. ಶೀಲವನ್ನು ಕಾಯುವೆವೆಂದವರು ಮುಚ್ಚಿದುದು ಸ್ತ್ರೀಯ ಬಾಯನ್ನೇ. ನೋಡುವವನ ಮುಜುಗರವನ್ನು ಅಳೆಗೋಲಾಗಿ ಹಿಡಿದರೆ ಫಲವು ಹೀಗಾಗುವುದು ಸಹಜ.

ಹಾಗಾದರೆ ಯಾವ ತಡೆಯೂ ಬೇಡವೆ? ಅದೂ ಸಲ್ಲದು. ಅಮೆರಿಕದ ಆಂಡ್ರಿಯಾ ಡ್ವರ್ಕಿನ್, ಕ್ಯಾಥರೀನ್ ಮೆಕಿನ್ನನ್ ಎಂಬವರು ಕಾಮಚಿತ್ರಗಳನ್ನು ಪಾಪವೆಂದಲ್ಲ, ಸ್ತ್ರೀಯರಿಗೆ ಆಗುವ ಹಾನಿಯೆಂದು ವಿರೋಧಿಸಿದರು. ಅವರ ವಾದವನ್ನನುಸರಿಸಿ ಇಂಡಿಯಾನಾಪೊಲಿಸ್ ನಗರವು 1984ರಲ್ಲಿ ಮಾಡಿದ ಶಾಸನವನ್ನು ನ್ಯಾಯಾಲಯಗಳು ರದ್ದುಪಡಿಸಿದುವು. ಸ್ತ್ರೀವಾದಿಗಳಲ್ಲೇ ಮತ್ತೊಂದು ಪಕ್ಷದವರು, ಕತ್ತರಿಯನ್ನು ಸರ್ಕಾರದ ಕೈಗೆ ಕೊಟ್ಟರೆ ಅದು ಮೊದಲು ಸ್ತ್ರೀಯರ ಬರೆಹವನ್ನೇ ಕತ್ತರಿಸುವುದೆಂದು ಎಚ್ಚರಿಸಿದರು. ಮುದ್ದುಪಳನಿಯ ಕಥೆಯು ಈ ಭೀತಿಗೆ ಸಾಕ್ಷಿ. ಆದರೆ ಮೊದಲನೆಯವರು ತೋರಿದ ಗಾಯವೂ ಸುಳ್ಳಲ್ಲ.

ತೊಡಕೆಲ್ಲವೂ ಎರಡು ಬೇರೆ ವಿಷಯಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವುದರಿಂದ ಹುಟ್ಟುತ್ತದೆ. ಸ್ತ್ರೀಯರ ಅಸಭ್ಯ ಚಿತ್ರಣವನ್ನು ತಡೆಯಲು ಭಾರತವು 1986ರಲ್ಲಿ ಮಾಡಿದ ಕಾನೂನು, ಸ್ತ್ರೀಯರಿಗೆ ಆಗುವ ಅವಮಾನವನ್ನೂ ಸಾರ್ವಜನಿಕ ನೀತಿಗೆ ತಟ್ಟುವ ಕೇಡನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿದೆ. ನೀತಿಯ ಅರ್ಥವು ಕಾಲಕಾಲಕ್ಕೆ ಬದಲಾಗುವುದು; ಇಷ್ಟವಿಲ್ಲದವಳ ದೇಹವನ್ನು ಪರರ ವಿನೋದಕ್ಕೆ ಒಡ್ಡುವುದು ಎಂದೆಂದಿಗೂ ಅಪಕಾರವೇ. ಆದುದರಿಂದ ಕೇಳತಕ್ಕ ಪ್ರಶ್ನೆ, ಇದು ನಾಚಿಕೆಗೇಡೇ ಎಂಬುದಲ್ಲ. ಆಕೆಯ ಸಮ್ಮತಿಯಿದ್ದಿತೇ ಎಂಬುದು.

2013ರ ತಿದ್ದುಪಡಿಯು ಈ ವಿವೇಕವನ್ನು ತೋರಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿದೆ. ಏಕಾಂತದಲ್ಲಿರುವ ತನ್ನ ಚಿತ್ರವನ್ನು ತೆಗೆಯಲು ಸ್ತ್ರೀಯು ಒಪ್ಪಿದ್ದರೂ, ಹರಡಲು ಒಪ್ಪದಿದ್ದರೆ ಹರಡಿದವನು ಅಪರಾಧಿ.

ಕಾನೂನಿಗೆ ತಿಳಿದುದು ಊರಿಗೆ ತಿಳಿಯಬೇಡವೆ? ಒಬ್ಬ ಹೆಣ್ಣುಮಗಳ ಚಿತ್ರವು ಮೊಬೈಲಿನಿಂದ ಮೊಬೈಲಿಗೆ ಹರಿದಾಗ, ಅವಳು ತೆಗೆಯಿಸಿಕೊಂಡುದೇಕೆ ಎಂದು ಕೇಳುವವರೇ ಹೆಚ್ಚು. ಕಳುಹಿಸಿದವನಾರೆಂದು ಕೇಳುವವರು ವಿರಳ. ನಾಚಿಕೆಯು ಯಾರಿಗೆ ಸೇರಬೇಕೆಂದು ನಾಗರತ್ನಮ್ಮನವರು ಕೇಳಿದ ಪ್ರಶ್ನೆಗೆ ಪ್ರತಿಯೊಂದು ಮನೆಯೂ ಇನ್ನೂ ಉತ್ತರ ಹೇಳಬೇಕಾಗಿದೆ.