ನಿಂದೊಂದ್ರಿಂದ ಏನಾಗತ್ತೆ?

ಹೋದ ವರ್ಷ ಬೇಸಿಗೇಲಿ ಊರಿಗೆ ಹೋದಾಗ ಅಪ್ಪನ ಅಂಬಾಸಿಡರ್‌ಗೆ ಕೈ ಹಾಕಿದೆ. 1991ರ ಗಾಡಿ. ಶೇಂಗಾ ವ್ಯಾಪಾರ ಚೆನ್ನಾಗಿ ನಡೀತಿದ್ದ ಕಾಲದಲ್ಲಿ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಮಾಲೀಕರು ಅದಕ್ಕೆ ಹೊರಗಡೆಯಿಂದ ಎಸಿ ಹಾಕಿಸಿದ್ದರು. ಡ್ಯಾಶ್‌ಬೋರ್ಡ್ ಕೆಳಗೆ ನೇತಾಡುವ ಪೆಟ್ಟಿಗೆ ಮುಂದೆ ಕೂತವರ ಮೊಣಕಾಲಿಗೆ ಬಡಿಯೋದು. ರೇಡಿಯೇಟರ್ ಮುಂದೆ ಕಂಡೆನ್ಸರ್ ಅಡ್ಡ ಇದ್ದದ್ದಕ್ಕೆ ಏರು ಹತ್ತುವಾಗ ಎಂಜಿನ್ ಕಾಯೋದು. ಎಸಿ ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತು. ತೆಗೆಸಿಬಿಡೋಣ ಅಂತ ಹಿರಿಯೂರಿನ ಮೇಸ್ತ್ರಿ ಹತ್ರ ಒಯ್ದೆ. ನನ್ನನ್ನ ಚಡ್ಡಿ ಹಾಕ್ಕೊಂಡಿದ್ದಾಗಿಂದ ನೋಡಿದವರು.

ಅವರು ಬೆಲ್ಟ್ ತೆಗೆದು, ಪೈಪಿನ ನಟ್‌ಗೆ ಸ್ಪ್ಯಾನರ್ ಕೊಟ್ಟರು.

"ಮೇಸ್ತ್ರಿ, ಒಳಗೆ ಗ್ಯಾಸ್ ಇದ್ರೆ?"

"ಇದ್ರೆ ಪುಸ್ ಅಂತ ಹೋಗತ್ತೆ, ಒಂದ್ ನಿಮಿಷ."

"ಅದನ್ನ ಹಾಗೆ ಗಾಳಿಗೆ ಬಿಡಬಾರದಲ್ವಾ?"

ಅವರು ನಕ್ಕರು. "ಇಪ್ಪತ್ತೈದು ವರ್ಷದಿಂದ ಬಿಡ್ತಾನೇ ಇದೀನಿ ತಮ್ಮಾ. ನಿಂದೊಂದ್ರಿಂದ ಏನಾಗತ್ತೆ?"

ಈ ಪ್ರಶ್ನೆ ದಡ್ಡ ಪ್ರಶ್ನೆ ಅಲ್ಲ. ಆ ಕಾಲದ ಕಾರ್ ಎಸಿಗಳಲ್ಲಿ ಇರುತ್ತಿದ್ದದ್ದು ಆರ್-12 ಅನ್ನೋ ಅನಿಲ, ಗಾಡಿಗೆ ಸುಮಾರು ಒಂದು ಕೆಜಿ. ಇದು ಓಝೋನ್ ಪದರವನ್ನ ತಿನ್ನತ್ತೆ ಅಂತ ಮೊಲಿನಾ ಮತ್ತು ರೋಲೆಂಡ್ ಅನ್ನೋ ವಿಜ್ಞಾನಿಗಳು 1974ರಲ್ಲೇ ಎಚ್ಚರಿಸಿದ್ದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ರಂಧ್ರ ಇರೋದು ಜಗತ್ತಿಗೆ ಗೊತ್ತಾಯ್ತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು. ಭಾರತ 1992ರಲ್ಲಿ ಸೇರಿತು. ಬಿಸಿ ಏರಿಸೋದರಲ್ಲೂ ಈ ಅನಿಲ ಕಾರ್ಬನ್ ಡೈಆಕ್ಸೈಡ್‌ಗಿಂತ 10,000 ಪಟ್ಟಿಗೂ ಹೆಚ್ಚು. ಮೊಬೈಲಲ್ಲಿ ಲೆಕ್ಕ ಹಾಕಿದೆ: ಒಂದು ಕೆಜಿ ಬಿಟ್ಟರೆ, ಇದೇ ಅಂಬಾಸಿಡರ್‌ನಲ್ಲಿ ಹಿರಿಯೂರಿಂದ ಬೆಂಗಳೂರಿಗೆ ನೂರಕ್ಕೂ ಹೆಚ್ಚು ಸಲ ಹೋಗಿ ಬಂದಷ್ಟು ಹೊಗೆ. ಒಂದೇ ನಿಮಿಷದಲ್ಲಿ.

ಅದು ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯತ್ತೆ. ನೂರು ವರ್ಷ ಅಂದ್ರೆ ಎಷ್ಟು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾರಿಕಣಿವೆ ಡ್ಯಾಮ್ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅವತ್ತು ನೀರು ನೋಡೋಕೆ ಹೋದ ಜನರಲ್ಲಿ ಅದನ್ನ ಕಟ್ಟಿದವರು ಯಾರೂ ಇರಲಿಲ್ಲ. ಮಾಡಿದ ಒಳ್ಳೇದು ನೂರು ವರ್ಷ ನಿಲ್ಲೋದಾದರೆ, ಕೆಟ್ಟದ್ದೂ ನಿಲ್ಲತ್ತೆ.

ಆದರೂ ಮೇಸ್ತ್ರಿ ಮಾತು ನಿಜವೇ. ನನ್ನ ಒಂದು ಕೆಜಿಯಿಂದ ಆಕಾಶದಲ್ಲಿ ಅಳೆಯೋವಷ್ಟು ಏನೂ ಆಗಲ್ಲ. ಪಕ್ಕದವನದ್ದರಿಂದಲೂ ಆಗಲ್ಲ. ಯಾರದ್ದರಿಂದಲೂ ಆಗಲ್ಲ. ಆದರೆ ರಂಧ್ರ ಆಯ್ತಲ್ಲ? ಪ್ರೋಗ್ರಾಂ ಬರೆಯೋರಿಗೆ ಇದು ಪರಿಚಯದ ಬಗ್. ಪ್ರತಿ ಸಾಲಿನ ಪೈಸೆಯನ್ನ ಸೊನ್ನೆಗೆ ರೌಂಡ್ ಮಾಡಿ ಆಮೇಲೆ ಕೂಡಿದರೆ ಒಟ್ಟು ಮೊತ್ತ ತಾಳೆ ಆಗಲ್ಲ. ತಪ್ಪಿರೋದು ಕೂಡೋದರಲ್ಲಲ್ಲ, ರೌಂಡ್ ಮಾಡಿದ ಜಾಗದಲ್ಲಿ. "ನಿಂದೊಂದ್ರಿಂದ ಏನಾಗತ್ತೆ" ಅನ್ನೋದು ಆ ಜಾಗ.

ಹಾಗಂತ ತಪ್ಪನ್ನ ಮೇಸ್ತ್ರಿ ತಲೆಗೆ ಕಟ್ಟೋದು ಸುಲಭ. ಗ್ಯಾಸ್ ಹಿಡಿದಿಡೋ ಮಷಿನ್ ಅವರ ಶೆಡ್‌ನಲ್ಲಿಲ್ಲ. ಅವರಿಗೆ ಸಿಗೋ ಕೂಲಿಗೆ ಅದನ್ನ ಕೊಳ್ಳಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ತಂಪು ಗಾಳಿ ಅನುಭವಿಸಿದ್ದು ನಮ್ಮನೆ, ಖರ್ಚೂ ನಮ್ಮದೇ ಆಗಬೇಕು. ಬೆಲ್ಟ್ ವಾಪಸ್ ಹಾಕಿಸಿ, ಎಸಿ ಸಮೇತ ಗಾಡೀನ ಬೆಂಗಳೂರಿಗೆ ತಂದೆ. ಮಷಿನ್ ಇರೋ ಗ್ಯಾರೇಜ್ ಹುಡುಕೋಕೆ ಎರಡು ವಾರ ಬೇಕಾಯ್ತು. ಒಳ್ಳೇ ಕೆಲಸ ಮಾಡ್ತಿದೀನಿ ಅಂತ ಒಳಗೊಳಗೇ ಸ್ವಲ್ಪ ಬೀಗಿದ್ದೂ ನಿಜ.

ಅಲ್ಲಿ ಗೇಜ್ ಜೋಡಿಸಿದರು. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ಒಳಗೆ ಗ್ಯಾಸೇ ಇರಲಿಲ್ಲ.

ಮೊದಲು ನಗು ಬಂತು. ರಾತ್ರಿ ಅಪ್ಪಂಗೆ ಫೋನ್ ಮಾಡಿ ಹೇಳಿದೆ. "ಅದೆಲ್ಲಿ ಇರತ್ತಪ್ಪಾ, ಪ್ರತಿ ಯುಗಾದಿಗೂ ತುಂಬಿಸ್ತಿದ್ವಲ್ಲ" ಅಂದ್ರು. ಆಗ ನಗು ನಿಂತಿತು. ಪ್ರತಿ ಯುಗಾದಿಗೆ ತುಂಬಿಸಿದ್ದು ಯಾಕೆ? ಹೋದ ಯುಗಾದಿಗೆ ತುಂಬಿಸಿದ್ದು ರಬ್ಬರ್ ಪೈಪು, ಕಂಪ್ರೆಸರ್ ಸೀಲಿನ ಸಂದಿಯಿಂದ ಸೋರಿ ಹೋಗಿತ್ತು ಅಂತ. ಹಿಂದಿನ ಸೀಟಲ್ಲಿ ತಣ್ಣಗೆ ಮಲಗಿ ದಾವಣಗೆರೆ ಮದುವೆಗಳಿಗೆ ಹೋದವನು ನಾನೇ. ಬಿಡೋದಾ ಬೇಡ್ವಾ ಅಂತ ನಾನು ಮೇಸ್ತ್ರಿ ಮುಂದೆ ಧರ್ಮಸಂಕಟಪಟ್ಟ ಆ ಗ್ಯಾಸು ಯಾವತ್ತೋ ಹೊರಟುಹೋಗಿತ್ತು. ಯಾರೂ ನಟ್ ಬಿಚ್ಚಿರಲಿಲ್ಲ, ಯಾರೂ ತೀರ್ಮಾನ ಮಾಡಿರಲಿಲ್ಲ.

ತಪ್ಪು ಮಾಡೋ ಮುಂಚೆ ಒಂದು ಕ್ಷಣ ಬರತ್ತೆ, ಆಗ ಸರಿಯಾದ್ದನ್ನ ಆರಿಸಿಕೊಂಡರೆ ಸಾಕು ಅಂತ ಅಂದ್ಕೊಂಡಿದ್ದೆ. ನಮ್ಮ ಬಹುಪಾಲು ತಪ್ಪುಗಳಿಗೆ ಅಂಥ ಕ್ಷಣವೇ ಇರಲ್ಲ. ಅವು ಟಾಪ್‌ಅಪ್ ಬಿಲ್ಲುಗಳಾಗಿ ಬರತ್ತೆ, ನಾವು ದುಡ್ಡು ಕೊಟ್ಟು ಮುಂದೆ ಹೋಗ್ತೀವಿ.

ಈ ಬೇಸಿಗೆ ನನ್ನ ಈಗಿನ ಕಾರಿನ ಎಸಿ ತಂಪಾಗ್ತಿರಲಿಲ್ಲ. ಇದರಲ್ಲಿರೋದು ಆರ್-134ಎ. ಓಝೋನ್‌ಗೆ ತೊಂದರೆ ಇಲ್ಲ, ಆದರೆ ಬಿಸಿ ಏರಿಸೋದರಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಸಾವಿರ ಪಟ್ಟಿಗೂ ಮೇಲೆ. ಸರ್ವಿಸ್ ಹುಡುಗ "ಟಾಪ್‌ಅಪ್ ಮಾಡಿಬಿಡ್ಲಾ ಸಾರ್?" ಅಂದ. ಮೊದಲು ಎಲ್ಲಿ ಸೋರ್ತಿದೆ ಹುಡುಕಪ್ಪಾ ಅಂದೆ. ಅರ್ಧ ದಿನ ರಜೆ ಹೋಯ್ತು, ಬಿಲ್ಲೂ ಜಾಸ್ತಿ ಆಯ್ತು. ಸೋರ್ತಿದ್ದದ್ದು ಬೆರಳುಗುರಿಗಿಂತ ಚಿಕ್ಕ ಒಂದು ರಬ್ಬರ್ ರಿಂಗಿನಿಂದ.