ಎಣಿಕೆಯೂ ದಯೆಯೇ?

ನೀರನ್ನು ಸೋಸಿ ಕುಡಿಯುವುದು ಶ್ರಾವಕಾಚಾರದ ಮೊದಲ ಪಾಠಗಳಲ್ಲೊಂದು. ಆದರೆ ಸೋಸಿದಲ್ಲಿಗೆ ಆ ಆಚಾರ ಮುಗಿಯದು. ಬಟ್ಟೆಯಲ್ಲುಳಿದ ಜೀವಗಳನ್ನು ಅವು ಬಂದ ಬಾವಿಗೋ ಹೊಳೆಗೋ ಮರಳಿಸಿದಾಗಲೇ ಅದು ಪೂರ್ಣವಾಗುತ್ತದೆ.

ನದಿಯ ಅಣೆಕಟ್ಟನ್ನು ಈ ದೃಷ್ಟಿಯಿಂದ ನೋಡಬೇಕು. ಮಳೆಗಾಲದ ಹೊಸನೀರು ಬಂದಾಗ ಗೆಂಡೆ ಜಾತಿಯ ಅನೇಕ ಮೀನುಗಳು ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಏರುತ್ತವೆ. ಠಾಣಾ ಕುಶನೂರ, ಭಾಲ್ಕಿ, ಔರಾದ ಸೀಮೆಗೆ ಪರಿಚಿತವಾದ ಮಾಂಜ್ರಾ ನದಿಯು ಗೋದಾವರಿಯನ್ನು ಸೇರುವ ಮೊದಲೇ, 1931ರಲ್ಲಿ ಪೂರ್ಣಗೊಂಡ ನಿಜಾಮಸಾಗರವು ಅಡ್ಡವಾಗಿದೆ. ಅಣೆಕಟ್ಟೂ ನದಿಯನ್ನು ಸೋಸುವ ಬಟ್ಟೆಯೇ. ಅದು ತಡೆದ ಜೀವಗಳನ್ನು ಮರಳಿಸುವವರು ಯಾರು?

ಅಮೆರಿಕದ ಕೊಲಂಬಿಯಾ ನದಿಯ ಬಾನವಿಲ್ ಅಣೆಕಟ್ಟಿನಲ್ಲಿ ಮೀನುಗಳು ಏರಲು ಮೆಟ್ಟಿಲುಗಳಿವೆ. ಅವನ್ನೇರಿ ಹೋಗುವ ಸಾಲ್ಮನ್ ಮೀನುಗಳನ್ನು 1938ರಿಂದ ಎಣಿಸಲಾಗುತ್ತಿದೆ. ಎಷ್ಟು ಮೀನು ಹಿಡಿಯಬಹುದೆಂದು ನಿರ್ಧರಿಸಲೂ ಆ ಲೆಕ್ಕ ಬಳಕೆಯಾಗುತ್ತದೆ. ಹಾಗಾದರೆ ಅಹಿಂಸಾವ್ರತಿಗೆ ಅಂಥ ಎಣಿಕೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಕೊಲೆಗೆ ನೆರವಾಗುವ ಅರಿವು ನಿರ್ದೋಷವಲ್ಲ.

ಆದರೆ ಅರಿಯದಿರುವುದೂ ನಿರ್ದೋಷವಲ್ಲ. ಮೀನನ್ನು ಮುಟ್ಟದವರೂ ಕಾರಂಜಾ ಜಲಾಶಯದ ನೀರನ್ನು ಬಳಸುತ್ತಾರೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಸೇರಿಸಿರುವುದು ಇಲ್ಲಿ ಮನನೀಯ. ಈರ್ಯಾಸಮಿತಿಯು ನೋಡಿ ನಡೆಯಬೇಕೆನ್ನುತ್ತದೆ. ನದಿಯ ವಿಷಯದಲ್ಲಿ ನೋಡುವುದೆಂದರೆ ವರ್ಷ ವರ್ಷವೂ ಎಣಿಸುವುದು; ಮಳೆಯೊಡನೆ ಮೀನೂ ಹೆಚ್ಚುಕಡಿಮೆಯಾಗುವುದರಿಂದ ಒಂದೇ ವರ್ಷದ ಲೆಕ್ಕ ಸಾಲದು.

ಬಸದಿಗಳ ಟ್ರಸ್ಟುಗಳು ದಾನದ ಲೆಕ್ಕವನ್ನು ಶ್ರದ್ಧೆಯಿಂದ ಬರೆದಿಡುತ್ತವೆ. ಹೊಳೆಯನ್ನು ಬಲ್ಲ ಬೆಸ್ತರನ್ನು ವಿಚಾರಿಸಿ, ಯಾವ ಮಳೆಗೆ ಯಾವ ಮೀನು ಏರಿತು, ಯಾವುದು ಬರಲಿಲ್ಲವೆಂಬುದನ್ನೂ ಅವು ಬರೆದಿಡಲಿ. ಇಲ್ಲವಾದ ಜೀವವನ್ನು ಗಮನಿಸದವನು ಅದರ ಮೇಲೆ ದಯೆ ತೋರುವುದಾದರೂ ಹೇಗೆ?