ಓಟದ ನಡುದಾರಿಯಲ್ಲಿ ಮನಸ್ಸು ಕುಂದುವಾಗ



ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಿಗೆ ಮುಂಜಾವದ ಪ್ರಾರ್ಥನೆಗಾಗಿ ನಾವು ಹೋಗುವಾಗ, ಇನ್ನೂ ಕತ್ತಲಿರುವಲ್ಲಿಯೇ ದಾರಿಯ ಅಂಚಿನಲ್ಲಿ ಓಡುವ ಯೌವನಸ್ಥರನ್ನು ಕಾಣುತ್ತೇವೆ. ಕೆಲವರು ಪೊಲೀಸ್ ಕೆಲಸದ ಪರೀಕ್ಷೆಗಾಗಿಯೂ ಕೆಲವರು ದೂರದ ಓಟದ ಪಂದ್ಯಕ್ಕಾಗಿಯೂ ಅಭ್ಯಾಸಮಾಡುವವರು. ಮೊದಲನೆಯ ವಾರದಲ್ಲಿ ಗುಂಪಾಗಿ ಬರುತ್ತಾರೆ. ತಿಂಗಳು ತುಂಬುವಷ್ಟರಲ್ಲಿ ಒಬ್ಬಿಬ್ಬರು ಮಾತ್ರ ಉಳಿಯುತ್ತಾರೆ. ಬಿಟ್ಟವರ ಕಾಲು ಮುರಿಯಿತೋ? ಇಲ್ಲ, ಮನಸ್ಸು ಕುಂದಿತು. ಅಂಥವರಲ್ಲಿ ಒಬ್ಬನು ನಮ್ಮ ಬಳಿಗೆ ಬಂದು, "ಉಪದೇಶಕರೇ, ಕಾಲು ಓಡುತ್ತದೆ, ಮನಸ್ಸು ಏಳುವದಿಲ್ಲ, ಏನು ಮಾಡಲಿ?" ಎಂದು ಕೇಳಿದನು. ನಾವು ಅವಸರದಲ್ಲಿದ್ದು, "ಪ್ರಾರ್ಥನೆಮಾಡು" ಎಂದು ಹೇಳಿ ಹೊರಟುಹೋದೆವು. ಆ ಮೇಲೆ ಅವನು ದಾರಿಯಲ್ಲಿ ಕಾಣಲಿಲ್ಲ. ನಮ್ಮ ಉತ್ತರವು ಸುಳ್ಳಲ್ಲ, ಆದರೆ ಅರ್ಧವಾಗಿತ್ತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಕುಂದಿದ ಮನಸ್ಸೆಲ್ಲಾ ಅಪನಂಬಿಕೆಯಲ್ಲ. ಪ್ರವಾದಿಯಾದ ಎಲೀಯನು ಅಡವಿಯಲ್ಲಿ ಜಾಲೀಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಂಡಾಗ, ದೇವರು ಅವನನ್ನು ಗದರಿಸಿದನೋ? ನಿದ್ರೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಬೋಧನೆಯು ಆಮೇಲೆ ಬಂತು. ಬಹುದೂರ ಓಡುವವನ ದೇಹದಲ್ಲಿ ಕೂಡಿಟ್ಟ ಸಕ್ಕರೆಯು ಸುಮಾರು 30 ಕಿಲೋಮೀಟರಿನ ಹೊತ್ತಿಗೆ ಬಹಳವಾಗಿ ತಗ್ಗುತ್ತದೆಂದೂ, ಆಗ ಕಾಲಿನ ಸಂಗಡ ಬುದ್ಧಿಯೂ ಮಂಕಾಗುತ್ತದೆಂದೂ ವೈದ್ಯರು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುವದರಿಂದ, ಸೂರ್ಯೋದಯಕ್ಕೆ ಮುಂಚೆ ಓಡತಕ್ಕದ್ದು. ನೀರನ್ನೂ ಊಟವನ್ನೂ ವಾರಕ್ಕೊಂದು ವಿಶ್ರಾಂತಿಯನ್ನೂ ತಾತ್ಸಾರಮಾಡತಕ್ಕದ್ದಲ್ಲ. ದೂರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸತಕ್ಕದ್ದು.

ಎರಡನೆಯದಾಗಿ, ಉತ್ಸಾಹವು ಬರಲಿ, ಆಗ ಏಳುವೆನೆಂದು ಕಾದಿರಬೇಡಿರಿ. ಎದ್ದವನಿಗೆ ಉತ್ಸಾಹವು ದಾರಿಯಲ್ಲಿ ಸಿಕ್ಕುತ್ತದೆ. ಕೊರಿಂಥ ಪಟ್ಟಣದ ಬಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನಿಗೆ ದೊರೆಯುತ್ತಿದ್ದದ್ದು ಬಾಡಿಹೋಗುವ ಎಲೆಗಳ ಕಿರೀಟ. ಅಪೊಸ್ತಲನಾದ ಪೌಲನು ಆ ಊರಿನ ಸಭೆಗೆ ಬರೆದ ಮೊದಲನೆಯ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಕಿರೀಟವನ್ನು ಮಾತ್ರವೇ ಅಲ್ಲ, ಅದಕ್ಕೆ ಮುಂಚಿನ ದಿನದಿನದ ಮಿತಾಚಾರವನ್ನೂ ಎತ್ತಿ ತೋರಿಸುತ್ತಾನೆ. ಇಡೀ ದಾರಿಯನ್ನು ನೋಡಿದರೆ ಎದೆ ಒಡೆಯುತ್ತದೆ. ಮುಂದಿನ ಬೇವಿನ ಮರದ ವರೆಗೆ ಓಡುವದಕ್ಕೆ ಯಾರಿಗೆ ಶಕ್ತಿಯಿಲ್ಲ?

ಮೂರನೆಯದಾಗಿ, ಬಹುಮಾನವು ಕೈತಪ್ಪಿದ ಮೇಲೂ ಓಟವು ಉಂಟು. ನಮ್ಮ ನಾಡಿನ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ನೇ ಆಗಸ್ಟ್ 22ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ಪಟ್ಟಣದ ಒಲಿಂಪಿಕ್ ಮ್ಯಾರಥಾನಿನಲ್ಲಿ 42 ಕಿಲೋಮೀಟರಿಗಿಂತ ಹೆಚ್ಚು ದೂರ ಓಡಿದರು. ಫಿನ್‌ಲೆಂಡಿನ ಕೊಲೆಹ್‌ಮೈನೆನ್ 2 ಗಂಟೆ 32 ನಿಮಿಷದಲ್ಲಿ ಗೆದ್ದನು. ಚೌಗುಲೆಯವರು 2 ಗಂಟೆ 50 ನಿಮಿಷದಲ್ಲಿ 19ನೆಯವರಾಗಿ ಗುರಿಮುಟ್ಟಿದರು. ನೋಡಿರಿ, ಮೊದಲನೆಯ ಸ್ಥಾನವು ಇನ್ನೊಬ್ಬನ ಪಾಲಾದ ಮೇಲೆಯೂ ಅವರು ಹದಿನೆಂಟು ನಿಮಿಷ ಓಡಿದರು! ಆ ಹದಿನೆಂಟು ನಿಮಿಷಗಳಲ್ಲಿಯೇ ನಮಗೆ ಪಾಠವುಂಟು. ಇನ್ನೊಬ್ಬರನ್ನು ಸೋಲಿಸುವದೇ ನಮ್ಮ ಉದ್ದೇಶವಾದರೆ, ಅವರು ಮುಂದಾದ ಕೂಡಲೆ ನಮ್ಮ ಮನಸ್ಸು ಬೀಳುತ್ತದೆ; ನಮಗೆ ನೇಮಿಸಲ್ಪಟ್ಟ ಓಟವನ್ನು ಮುಗಿಸುವದೇ ಉದ್ದೇಶವಾದರೆ, ಅದನ್ನು ನಮ್ಮಿಂದ ಕಸಿದುಕೊಳ್ಳುವವರು ಯಾರು?

ಕೊನೆಯದಾಗಿ, ಒಬ್ಬನೇ ಓಡುವವನ ಮನಸ್ಸು ಬೇಗ ಕುಂದುತ್ತದೆ. ಬಾಗಿಲಲ್ಲಿ ಒಬ್ಬನು ಕಾದಿದ್ದಾನೆಂದು ತಿಳಿದವನು ಹಾಸಿಗೆಯಲ್ಲಿ ಉಳಿಯಲಾರನು. ವಿಶ್ವಾಸದ ಓಟದಲ್ಲಿಯೂ ಹಾಗೆಯೇ. ಪ್ರಾರಂಭದಲ್ಲಿ ಹಾಡಿದವರು ನಡುದಾರಿಯಲ್ಲಿ ಮೌನವಾದಾಗ, ಅವರನ್ನು ದೂಷಿಸುವವರು ಬಹುಮಂದಿ, ಜೊತೆಗೆ ನಡೆಯುವವರು ಕೊಂಚ. ನಾವೂ ಆ ಯೌವನಸ್ಥನಿಗೆ ಮಾತನ್ನು ಕೊಟ್ಟೆವು, ಜೊತೆಯನ್ನು ಕೊಡಲಿಲ್ಲ.

ತಮ್ಮನೇ, ಈ ಪತ್ರಿಕೆಯು ನಿನ್ನ ಕೈಗೆ ಬಂದರೆ ಕೇಳು: ನಮಗೆ ನಾಲ್ವತ್ತು ವರುಷ, ನಿನ್ನ ಸಂಗಡ ಓಡಲಾರೆವು, ಆದರೆ ಕೋಳಿ ಕೂಗುವ ಹೊತ್ತಿಗೆ ನೀರಿನ ತಂಬಿಗೆಯೊಂದಿಗೆ ದಾರಿಯ ಅಂಚಿನಲ್ಲಿ ನಿಂತಿರಬಲ್ಲೆವು. ಬಾ. ದಣಿದವರಿಗೆ ಬಲಕೊಡುವ ದೇವರು ನಿನ್ನನ್ನೂ ನಮ್ಮನ್ನೂ ಕೊನೆಯ ವರೆಗೆ ನಡಿಸಲಿ. ಆಮೆನ್.